ಬೆಲ್ಲಳಿಗೆ ನಾನು ಕಟ್ಟಿಕೊಟ್ಟ ಆಯುಸ್ಸು

ಇಳಾ, ಬೆಲ್ಲ ಬದುಕಿಲ್ಲ. ನೀನು ಒಂದನೇ ಕ್ಲಾಸಿಗೆ ಸೇರಿದ ವರ್ಷವೇ, ಮೊದಲ ಹಿಮ ಬೀಳುವುದಕ್ಕೆ ಮುಂಚೆಯೇ ಸತ್ತಳು. ಕೊಂದವನು ನಾನು. ಅವಳನ್ನು ನಮ್ಮ ಗರಾಜಿನ ಮೇಜಿನ ಮೇಲೆ ನಿನ್ನ ಕಣ್ಣೆದುರೇ ಕೊಯ್ದೆ. ನಿನ್ನ ಕೈಯಿಂದಲೇ ಕೈಮ ಅರೆಸಿದೆ. ನೀನು ಕೇಳಿದಾಗ ಇದು ಬೇರೆ ಜಿಂಕೆ ಎಂದೆ. ಅಲ್ಲಿಂದ ಇವತ್ತಿನವರೆಗೆ ಅವಳ ಬಗ್ಗೆ ಹೇಳಿದ ಒಂದೊಂದು ಕಥೆಯೂ — ಒಂದೊಂದೂ — ನಾನು ಕಟ್ಟಿದ್ದು.

ಇದನ್ನು ಓದುವ ಬೇರೆಯವರಿಗೆ ಹಿಂದಿನದನ್ನು ಒಂದಿಷ್ಟು ಹೇಳಬೇಕು. ನಾನು ಮಂಡ್ಯದ ಕಡೆಯವನು. ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ಕಾರಿನ ಬ್ರೇಕು ಪರೀಕ್ಷೆ ಮಾಡುವ ಕೆಲಸ. ಮನೆ ಊರಾಚೆಯ ಹಳ್ಳಿಯಲ್ಲಿ. ಪಕ್ಕದ ಮನೆಯ ಸೆಪ್, ಬಡಗಿ ಕೆಲಸ ಮಾಡಿ ನಿವೃತ್ತನಾದವನು, ಹಳ್ಳಿಯ ಅಂಚಿನ ಕಾಡಿನಲ್ಲಿ ಬೇಟೆಯ ಹಕ್ಕನ್ನು ಗುತ್ತಿಗೆಗೆ ಹಿಡಿದಿದ್ದ. ಒಂದು ಶರತ್ಕಾಲದಲ್ಲಿ ಅವನು ಅರ್ಧ ಜಿಂಕೆ ತಂದುಕೊಟ್ಟ. ರೇವತಿ, ನನ್ನ ಹೆಂಡತಿ, ಅದನ್ನು ಕೊತ್ತಂಬರಿ ಮೆಣಸು ಹುರಿದು ಸಾರು ಮಾಡಿ ಮುದ್ದೆಯ ಜೊತೆ ಅವನಿಗೇ ಬಡಿಸಿದಳು. ಅವನು ಮುದ್ದೆಯನ್ನು ಫೋರ್ಕಿನಿಂದ ಚುಚ್ಚಿ ಚುಚ್ಚಿ ಸೋತು, ಕೊನೆಗೆ ಕೈ ಹಾಕಿ ತಿಂದ. ಮಾರನೆಯ ವಾರವೇ ನನ್ನನ್ನು ಕಾಡಿಗೆ ಕರೆದೊಯ್ದ. ಮುಂದೆ ನಾನು ಓದಿ, ಪರೀಕ್ಷೆ ಬರೆದು ಯಾಗ್ಟ್‌ಶೈನ್ ಎಂಬ ಬೇಟೆಯ ಪರವಾನಗಿ ಪಡೆದೆ. (ಸೆಪ್‌ನ ಬವೇರಿಯದ ಮಾತು ನನ್ನ ಕಿವಿಗೆ ನಮ್ಮೂರಿನ ಹಾಗೆಯೇ ಕೇಳುತ್ತದೆ. ಹಾಗೆಯೇ ಬರೆಯುತ್ತೇನೆ.)

ಇಲ್ಲಿನ ಬೇಟೆಯಲ್ಲಿ ನನಗೆ ಒಗ್ಗಲು ಕಷ್ಟವಾದ ಸಂಗತಿ ಒಂದೇ. ವಸಂತದಲ್ಲಿ, ಹುಲ್ಲು ಕೊಯ್ಯುವ ಯಂತ್ರ ಹುಲ್ಲುಗಾವಲಿಗೆ ಇಳಿಯುವ ಮೊದಲು, ಬೇಟೆಗಾರರೇ ಹೋಗಿ ಹುಲ್ಲಿನಲ್ಲಿ ಮಲಗಿರುವ ಜಿಂಕೆ ಮರಿಗಳನ್ನು ಎತ್ತಿ ಬದಿಗಿಡುತ್ತಾರೆ. ಯಂತ್ರದ ಸದ್ದಿಗೆ ಮರಿ ಓಡುವುದಿಲ್ಲ, ಇನ್ನಷ್ಟು ಮುದುಡುತ್ತದೆ. ಅದೇ ಬೇಟೆಗಾರರು ಚಳಿ ಬರುವ ಮುಂಚೆ, ಬೆಳೆದ ಅದೇ ಮರಿಗಳಲ್ಲಿ ಕೆಲವನ್ನು ಹೊಡೆಯುತ್ತಾರೆ. ತಾಯಿಯನ್ನು ಹೊಡೆದು ಮರಿಯನ್ನು ಅನಾಥ ಮಾಡಬಾರದು, ಆದ್ದರಿಂದ ಮರಿಯೇ ಮೊದಲು. ಉಳಿಸುವ ಕೈ, ಕೊಲ್ಲುವ ಕೈ ಎರಡೂ ಒಂದೇ ಎಂದು ನಾನು ಗೊಣಗಿದಾಗ ಸೆಪ್ ಬೈದಿದ್ದ: "ಯಂತ್ರುಕ್ ಸಿಕ್ಕಿ ಕಾಲ್ ತುಂಡಾಗಿ ಸಾಯೋದೂ, ಒಂದೇ ಏಟ್ಗೆ ಹೋಗೋದೂ ಒಂದೇನ್ಲಾ?"

ನೀನು ಒಂದನೇ ಕ್ಲಾಸಿಗೆ ಸೇರುವ ವರ್ಷದ ವಸಂತದಲ್ಲಿ ನೀನೂ ಬಂದೆ. ನಿನ್ನ ಕೆಂಪು ರಬ್ಬರ್ ಬೂಟು, ಮಂಜಿಗೆ ಒದ್ದೆಯಾದ ಜಡೆ. ಮನುಷ್ಯರ ವಾಸನೆ ತಗುಲಿದರೆ ತಾಯಿ ಹತ್ತಿರ ಸೇರಿಸುವುದಿಲ್ಲ ಎಂದು ಸೆಪ್ ನಿನ್ನ ಎರಡೂ ಅಂಗೈಗೆ ಹುಲ್ಲಿನ ಕಂತೆ ತುಂಬಿದ್ದ. ಹುಲ್ಲಿನಲ್ಲಿ ಮುದುಡಿದ್ದ ಒಂದು ಮರಿ ಸಿಕ್ಕಿತು: ಬೆಲ್ಲದ ಬಣ್ಣದ ಮೈ, ಮೇಲೆ ಬಿಳಿ ಚುಕ್ಕೆ. ನೀನು ಉಸಿರು ಬಿಗಿಹಿಡಿದು ಅದನ್ನು ಎತ್ತಿಕೊಂಡು ಬೇಲಿಯವರೆಗೆ ನಡೆದದ್ದು — ನನ್ನ ಆಯುಸ್ಸಿನಲ್ಲಿ ನಾನು ನೋಡಿದ ಚೆಂದದ ನಡಿಗೆ ಅದೇ. ಸೆಪ್ ಅದರ ಕಿವಿಗೆ ಗುರುತಿನ ಹಳದಿ ಗುಂಡಿ ಒತ್ತಿದ. ನೀನು ಬೆಲ್ಲ ಎಂದು ಹೆಸರಿಟ್ಟೆ. ಸಂಜೆ ಮಂಡ್ಯಕ್ಕೆ ವಿಡಿಯೋ ಕಾಲ್ ಮಾಡಿ ಅಜ್ಜಿಗೂ ಹೇಳಿದೆ.

ನವೆಂಬರಿನ ಒಂದು ಮುಸ್ಸಂಜೆ, ಕಾಡಂಚಿನ ಮಂಚಿಕೆಯ ಮೇಲೆ ಕೂತಿದ್ದೆ. ಮೂರು ಜಿಂಕೆ ಹೊರಬಂದವು. ಚಳಿಗಾಲದ ಬೂದು ರೋಮದಲ್ಲಿ ಎಲ್ಲವೂ ಒಂದೇ. ಚಿಕ್ಕದು ಮಗ್ಗುಲು ತಿರುಗಿ ನಿಂತಿತು. ಆಚೆಯ ಕಿವಿ ನನಗೆ ಕಾಣಲಿಲ್ಲ. ಕಾಣಲಿಲ್ಲವೋ, ನೋಡಲೇ ಇಲ್ಲವೋ — ಮೊದಲ ಬಾರಿಗೆ ಒಬ್ಬನೇ ಹೊಡೆಯುವ ಉಮೇದು ನನಗೆ — ಇದನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ, ಇನ್ನೂ...

ಒಂದೇ ಏಟಿಗೆ ಬಿತ್ತು. ಹತ್ತಿರ ಹೋದೆ. ಇಲ್ಲಿನ ಪದ್ಧತಿಯಂತೆ ಅದರ ಬಾಯಿಗೆ ಕೊನೆಯ ತುತ್ತೆಂದು ಒಂದು ಹಸಿರು ಕಡ್ಡಿ ಇಟ್ಟೆ. ಆಗ ಕಂಡಿತು, ಆಚೆ ಕಿವಿಯ ಹಳದಿ ಗುಂಡಿ.

ಗುಂಡಿನ ಸದ್ದು ಕೇಳಿ ಬಂದ ಸೆಪ್ ಟೋಪಿ ತೆಗೆದು ನಿಂತ. ನಾನು ಅಳುತ್ತಿದ್ದೆನಂತೆ, ನನಗೆ ನೆನಪಿಲ್ಲ. ಅವನ ಮಾತು ಮಾತ್ರ ನೆನಪಿದೆ.

"ಮಗೀಗೆ ಇವತ್ತೇ ಹೇಳ್ಬುಡು. ನಾಳೆಗಾದ್ರೆ ನಿನ್ ಕೈಲಾಗಲ್ಲ."

"ಅವಳು ಹೇಗೆ ತಡ್ಕೋತಾಳೆ ಸೆಪ್?"

"ಅವ್ಳು ತಡ್ಕತಾಳೆ. ತಡ್ಕೊಳ್ದೋನು ನೀನು."

ನಾನು ಹೇಳಲಿಲ್ಲ. ಗುಂಡಿಯಿದ್ದ ತಲೆಯನ್ನು ಸೆಪ್‌ನ ಕೊಟ್ಟಿಗೆಯಲ್ಲೇ ಬಿಟ್ಟು, ಮಾಂಸ ಹದಕ್ಕೆ ಬಂದ ಮೇಲೆ ಶನಿವಾರ ಮನೆಗೆ ತಂದೆ.

ನಮ್ಮ ಶನಿವಾರಗಳು ನಿನಗೆ ನೆನಪಿವೆಯಲ್ಲ? ನಮ್ಮ ತಾತ ಊರಿನಲ್ಲಿ ಕಥೆ ಹೇಳುವುದರಲ್ಲೂ ಗುಡ್ಡೆ ಬಾಡು ಹಾಕುವುದರಲ್ಲೂ ಎತ್ತಿದ ಕೈ. ನಾಲ್ಕು ಮನೆಯವರು ಸೇರಿ ಕುರಿ ಕೊಯ್ದರೆ, ತೊಡೆ, ಪಕ್ಕೆ, ಈಲಿ ಎಲ್ಲದರಲ್ಲೂ ಒಂದೊಂದು ತುಂಡು ಬರುವಂತೆ ಸಮಸಮನಾಗಿ ಗುಡ್ಡೆ ಮಾಡುತ್ತಿದ್ದ; ಯಾರಿಗೂ ಮುನಿಸು ಬರುವಂತಿಲ್ಲ. ನಾನು ಗರಾಜಿನಲ್ಲಿ ಹಾಗೇ ಗುಡ್ಡೆ ಹಾಕುತ್ತಿದ್ದೆ — ಒಂದು ನಮಗೆ, ಒಂದು ಸೆಪ್‌ಗೆ, ಒಂದು ನಿನ್ನಮ್ಮನ ಸ್ನೇಹಿತೆಯ ಮನೆಗೆ. ನಿನ್ನಮ್ಮ ಚಾಕು ಮಸೆಯುತ್ತಾ, "ತೊಡೆನೆಲ್ಲ ಸೆಪ್ ಗುಡ್ಡೆಗೇ ತಳ್ತಿದೀರಲ್ರೀ, ಅವ್ರೇನು ನಿಮ್ಮತ್ತೆ ಮನೆಯೋರಾ?" ಎನ್ನುವಳು. ನೀನು ಸ್ಟೂಲಿನ ಮೇಲೆ ನಿಂತು ಕೈಮ ಯಂತ್ರದ ಹಿಡಿ ತಿರುಗಿಸುವೆ. ನಿನಗೆ ಹೇಸಿಗೆಯೆಂಬುದೇ ಇರಲಿಲ್ಲ. ಇದು ಗುಂಡಿಗೆಯಾ, ಇದರಲ್ಲಿ ರಕ್ತ ಯಾವ ಕಡೆಯಿಂದ ಬರುತ್ತೆ, ಎಂದು ಬೆರಳು ತೂರಿಸಿ ನೋಡುವೆ.

ಆ ಶನಿವಾರ ನೀನು ಹಿಡಿ ತಿರುಗಿಸುವುದನ್ನು ನಿಲ್ಲಿಸಿ, "ಅಪ್ಪಾ, ಇದು ಬೆಲ್ಲ ಅಲ್ಲ ತಾನೇ?" ಎಂದೆ.

ಅಳುಕಿನಿಂದ ಕೇಳಲಿಲ್ಲ. ಹೌದು ಎಂದರೆ ಕೇಳಿಸಿಕೊಳ್ಳಲು ಸಿದ್ಧಳಾದವಳ ಹಾಗೆ ನನ್ನ ಮುಖವನ್ನೇ ನೋಡುತ್ತಾ ಕೇಳಿದೆ. ಸೆಪ್ ಸರಿಯಾಗಿಯೇ ಹೇಳಿದ್ದ.

"ಛೇ, ಬೆಲ್ಲ ಎಲ್ಲಿ ಇದೆಲ್ಲಿ? ನಿನ್ನೆ ತಾನೇ ನೋಡ್ದೆ ಪುಟ್ಟಿ, ಹಳ್ಳದ ಆಚೆ ಅವ್ಳಮ್ಮನ ಜೊತೆ ಮೇಯ್ತಿದ್ಲು. ಗುಂಡಿ ಹೊಳೀತಿತ್ತು."

ನೀನು ನಕ್ಕು ಮತ್ತೆ ಹಿಡಿ ತಿರುಗಿಸಿದೆ. ಆ ಮಧ್ಯಾಹ್ನ ಸಾರಿನಿಂದ ಮೊದಲ ಕೈಮ ಉಂಡೆಯನ್ನು ಊದಿ ಊದಿ ಆರಿಸಿ ನನ್ನ ಬಾಯಿಗಿಟ್ಟೆ. ನಾನು ತಿಂದೆ. ಚೆನ್ನಾಗಿದೆ ಎಂದೆ. ಚೆನ್ನಾಗಿಯೇ ಇತ್ತು — ಅದನ್ನೂ ಮುಚ್ಚಿಡಬಾರದಲ್ಲ.

ಒಂದು ಸುಳ್ಳಿಗೆ ನಿಲ್ಲಿಸಿದ್ದರೆ ಇಷ್ಟು ಬರೆಯಬೇಕಿರಲಿಲ್ಲವೇನೋ. ಆದರೆ ನಾನು ಕಥೆಗಾರ ತಾತನ ಮೊಮ್ಮಗ. ನೀನು ಮಲಗುವಾಗ ಕೇಳುವೆ, ನಾನು ಹೇಳುವೆ. ಬೆಲ್ಲ ಸೆಪ್‌ನ ಗುಲಾಬಿ ಮೊಗ್ಗೆಲ್ಲ ಮೇಯ್ದು ಬೈಸಿಕೊಂಡಳು. ಬೆಲ್ಲಳಿಗೆ ಅವಳಿ ಮರಿಯಾಯಿತು. ಲೆಕ್ಕದಲ್ಲಿ ನಿನಗೆ ಕಡಿಮೆ ಅಂಕ ಬಂದ ಚಳಿಗಾಲ, ಅವಳೂ ಹಿಮ ಕೆದಕಿ ಕೆದಕಿ ಹುಲ್ಲು ಹುಡುಕುತ್ತಿದ್ದಳು. ಅಜ್ಜಿ ಫೋನಿನಲ್ಲಿ "ನಿನ್ ಬೆಲ್ಲ ಈ ಸಲ ಏನ್ ಹಾಕ್ತವ್ವ, ಹೆಣ್ಣಾ ಗಂಡಾ?" ಎಂದರೆ ನೀನು ನಿನ್ನ ಮುರುಕು ಕನ್ನಡದಲ್ಲಿ ವಿವರವಾಗಿ ಹೇಳುವೆ. ಬೇಲಿಯಾಚೆ ಇದನ್ನೆಲ್ಲ ಕೇಳಿಸಿಕೊಂಡು ಸೆಪ್ ಒಳಗೆ ಹೋಗಿಬಿಡುವನು. ಅವನು ನನ್ನನ್ನು ಬಿಟ್ಟುಕೊಡಲಿಲ್ಲ. ಮತ್ತೆ ಬೈಯಲೂ ಇಲ್ಲ. ಆ ಕಥೆಗಳನ್ನು ಹೇಳುವಾಗ ನನಗೆ ಸಂತೋಷವಾಗುತ್ತಿತ್ತು ಇಳಾ. ನನ್ನ ನಾಚಿಕೆಯ ಬುಡ ಅದೇ.

ಈಗ ನೀನು ಬಾನ್ ನಗರದಲ್ಲಿ ಜೀವಶಾಸ್ತ್ರ ಓದುತ್ತೀಯೆ. ಬೇಟೆಯ ಪರವಾನಗಿಯೂ ಕೈಗೆ ಬಂತು. ಈ ಶನಿವಾರ ಮೊದಲ ಸಲ ನಮ್ಮ ಕಾಡಿಗೆ ಬರುತ್ತೀಯೆ. ಮೊನ್ನೆ ಫೋನಿನಲ್ಲಿ ಅಂದೆ: "ಅಪ್ಪಾ, ಹಳ್ಳದ ಕಡೆ ನಾನು ಹೊಡೆಯಲ್ಲ. ಅಲ್ಲಿ ಬೆಲ್ಲಳ ಮಕ್ಕಳು ಮೊಮ್ಮಕ್ಕಳು ಇರ್ತಾವೆ. ಅವಳಿಗೂ ವಯಸ್ಸಾಯ್ತಲ್ಲ — ಒಂದ್ಸಲ ದೂರದಿಂದ ತೋರಿಸು ಸಾಕು. ಯಾವಾಗ್ಲೂ ನೀನೇ ನೋಡಿದೀಯ, ನಾನು ಆಮೇಲೆ ನೋಡೇ ಇಲ್ಲ."

ನಾನು "ನೋಡೋಣ" ಎಂದೆ. ಫೋನಿಟ್ಟ ಗಳಿಗೆಯಲ್ಲೇ ಕಥೆ ಸಿದ್ಧವಾಗಿತ್ತು: ಬೆಲ್ಲ ಕಳೆದ ಚಳಿಗಾಲದಲ್ಲಿ ಮುಪ್ಪಾಗಿ, ಫರ್ ಮರದಡಿ ಮಲಗಿದಲ್ಲೇ ಕಣ್ಣು ಮುಚ್ಚಿದಳು, ಮೇಲೆ ಹಿಮ ಸುರಿಯಿತು. ಒಳ್ಳೆಯ ಕಥೆ. ನೀನು ಅಳುವೆ, ನಾನು ತಲೆ ಸವರುವೆ, ಎಲ್ಲ ಮುಗಿಯುತ್ತದೆ. ಅಷ್ಟು ಸಲೀಸಾಗಿ ಅದು ಬಂದದ್ದು ಕಂಡು ನನಗೇ ಹೆದರಿಕೆಯಾಯಿತು.

ಅದಕ್ಕೇ ಇದನ್ನು ಬರೆಯಲು ಕೂತೆ. ಬರೆದು ಇಲ್ಲಿಯವರೆಗೆ ಬಂದಾಗ ಹೊಳೆಯಿತು — ನಿನಗೆ ಕನ್ನಡ ಓದಲು ಬರುವುದಿಲ್ಲ. ಇಷ್ಟುದ್ದ ಆತ್ಮನಿವೇದನೆಯನ್ನು ನಿನಗೆ ತಲುಪದ ಲಿಪಿಯಲ್ಲಿ ಬರೆದು ಎದೆ ಹಗುರ ಮಾಡಿಕೊಳ್ಳಲು ಹೊರಟಿದ್ದೇನೆ. ಇದೂ ತಪ್ಪಿಸಿಕೊಳ್ಳುವುದೇ.

ಶನಿವಾರ ನೀನು ರೈಲಿಳಿದ ಕೂಡಲೇ, ಕಾಡಿಗೆ ಹೊರಡುವ ಮೊದಲು, ನಾನು ಜರ್ಮನ್‌ನಲ್ಲಿ ಹೇಳುತ್ತೇನೆ. ಆ ಭಾಷೆಯಲ್ಲಿ ನನಗೆ ಮಂಜು, ಮರ, ತಾತ ಯಾವುದನ್ನೂ ಸೇರಿಸಿ ಹೇಳಲು ಬರುವುದಿಲ್ಲ. ಅಂಗಡಿಯಲ್ಲಿ, ಆಫೀಸಿನಲ್ಲಿ ಆಡುವಷ್ಟೇ ಬರುತ್ತದೆ. ಅಷ್ಟು ಸಾಕು. ಬೆಲ್ಲಳನ್ನು ಹೊಡೆದವನು ನಾನು. ಅವಳನ್ನು ನಾವು ತಿಂದೆವು. ನೀನು ಕೇಳಿದೆ, ನಾನು ಸುಳ್ಳು ಹೇಳಿದೆ. ಆಮೇಲೆ ಸುಮ್ಮನಿರುತ್ತೇನೆ, ನೀನು ಮಾತಾಡುವವರೆಗೆ.