ನೊಣಗಳಿಗೆ ಬಡಿಸಿದ ತೆಳು ಗಂಜಿ

ಭದ್ರಾವತಿಯ ಯಶೋಧರಮ್ಮ ದಿನಾ ಎಂಟರ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗುವುದು ನೊಣಗಳಿಗೆ ಅಡುಗೆ ಮಾಡಲು. ತಮಾಷೆಯಲ್ಲ. ಇಪ್ಪತ್ತು ವರ್ಷ ಕ್ಯಾಂಟೀನಿನಲ್ಲಿ ಸಾರು ಕುದಿಸಿದ ಕೈ ಅದು. ಕ್ಯಾಂಟೀನು ಮುಚ್ಚಿದ ಮೇಲೆ ಕಾಲೇಜೊಂದರ ಪ್ರಯೋಗಾಲಯದಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು. ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟ್ ಹಾಕಿ ಗಂಜಿ ಕಾಯಿಸಿ ಗಾಜಿನ ಕೊಳವೆಗಳಿಗೆ ಸುರಿಯಬೇಕು. "ಯಾರನ್ನೂ ಅರೆಹೊಟ್ಟೇಲಿ ಎಬ್ಬಿಸಿದವಳಲ್ಲ ನಾನು, ನೊಣಾನೂ ಸೇರಿಸಿ" ಎಂದು ಬಸ್ಸು ಮಲವಗೊಪ್ಪ ದಾಟುವಷ್ಟರಲ್ಲಿ ಪಕ್ಕದವರಿಗೆ ಜಂಬದಿಂದ ಹೇಳಿ ಮುಗಿಸಿರುತ್ತಿದ್ದರು.

ಆ ನೊಣಗಳು ಅಲ್ಲಿ ಸಂಶೋಧನೆ ಮಾಡುವ ಕವನ ಎಂಬ ಹುಡುಗಿಯವು. ದಿನ ಕಳೆದಂತೆ ಕಾಲಿನ ಹಿಡಿತ ತಪ್ಪುವ ಕಾಯಿಲೆ ಅವಕ್ಕೆ. ಕೊಳವೆ ತಟ್ಟಿದರೆ ಆರೋಗ್ಯದ ನೊಣ ಸರಸರ ಮೇಲೇರುತ್ತದೆ, ಇವು ತಳದಲ್ಲೇ ತಡವರಿಸುತ್ತವೆ. ಯಾಕೆಂದು ಕೇಳಿದಾಗ ಕವನ ಹೇಳಿದ್ದಳು: "ಜೀವಕೋಶದೊಳಗೆ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಬೇಕು ಯಶೋಧರಮ್ಮ. ಕೆಟ್ಟಿದ್ದಕ್ಕೆ ಕೋಶಾನೇ ಗುರುತು ಅಂಟಿಸಿ ಚೂರು ಮಾಡಿಸುತ್ತೆ. ಗಂಟು ಕಟ್ಟಿದ್ದನ್ನ ಚೀಲದೊಳಗೆ ಸುತ್ತಿ ಕರಗಿಸುತ್ತೆ. ಆ ಕೆಲಸ ಹಿಂದೆ ಬಿದ್ರೆ ಕಸ ಮಿದುಳಲ್ಲೇ ಉಳಿಯುತ್ತೆ. ಪಾರ್ಕಿನ್ಸನ್ಸ್ ಬಂದವರಲ್ಲೂ ಇಂಥ ಗಂಟು ಸಿಗುತ್ತೆ." ಗಂಜಿಗೆ ಬೆರೆಸಿದ ಒಂದೆಲಗದ ರಸ ಅದಕ್ಕೆ ಮದ್ದಾದೀತೇ ಎಂದು ನೋಡುವುದು ಅವಳ ಪ್ರಯೋಗ.

ಒಂದು ಸೋಮವಾರ ಕವನ ಕುಣಿಯುತ್ತಾ ಬಂದಳು. ರಸ ಕುಡಿದ ನೊಣಗಳು ಮೇಲೇರುತ್ತಿವೆ! ಗುರುವಾರ ಕಾಲೇಜಿನ ಸಭೆಯಲ್ಲಿ ಎಲ್ಲರೆದುರು ಇದನ್ನೇ ಹೇಳುತ್ತಾಳಂತೆ.

ಯಶೋಧರಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. ಎರಡು ವಾರದ ಹಿಂದೆ ಸಕ್ಕರೆ, ಯೀಸ್ಟ್ ಎರಡೂ ಸಾಲದಾದಾಗ, ಹೇಳದೆ ಬಂದ ನೆಂಟರಿಗೆ ಸಾರು ಹಿಗ್ಗಿಸುವಂತೆ, ಉಳಿದ ಗಂಜಿಗೆ ನೀರು ಬೆರೆಸಿದ್ದರು. ಆ ತೆಳು ಗಂಜಿ ಹೋದದ್ದು ರಸದ ಕೊಳವೆಗಳಿಗೆ ಮಾತ್ರ. ಹಾಗಾದರೆ ಗುಣ ಯಾವುದರದ್ದು? ಬಾಯಿ ಬಿಟ್ಟರೆ ಕೆಲಸ ಹೋಗಬಹುದು, ಅದಕ್ಕಿಂತ ಹೆಚ್ಚಾಗಿ ಕೈಯಡುಗೆಯ ಮಾನ ಹೋಗುತ್ತದೆ. ಸುಮ್ಮನಿದ್ದರೆ ಪಾಪದ ಹುಡುಗಿ ಸುಳ್ಳನ್ನು ನಿಜವೆಂದು ನಂಬಿ ಸಭೆಯಲ್ಲಿ ನಿಲ್ಲುತ್ತಾಳೆ. ಎರಡು ದಿನ ಅವರಿಗೆ ಅನ್ನ ಸೇರಲಿಲ್ಲ.

ಬುಧವಾರ ಒಲೆ ಆರಿಸಿ ಹೇಳಿಯೇಬಿಟ್ಟರು: "ತಪ್ಪಾಗಿದೆ ಮಾರಾಯ್ತಿ. ನಿನ್ನ ರಸದ ನೊಣಗಳಿಗೆ ನೀರು ಬೆರೆಸಿ ಹಾಕಿದೀನಿ. ಅರ್ಧ ಹೊಟ್ಟೆಗೆ ಬಡಿಸಿದೀನಿ."

ಕವನಳ ಮುಖ ಬಾಡಿತು. ಪುಸ್ತಕ ತೆರೆದು ರಸದ ಕೊಳವೆಗಳ ಲೆಕ್ಕ ನೋಡುತ್ತಾ ಕೂತಳು. ಆಮೇಲೆ ತಟ್ಟನೆ ಎದ್ದಳು. "ಊಟ ಕಡಿಮೆಯಾದ್ರೆ ಕೋಶ ತನ್ನ ಕಸಾನೇ ಕರಗಿಸಿ ತಿನ್ನುತ್ತೆ ಅಂತ ಓದಿದೀನಿ. ನಾಳೆ ನಾನು ಮಾತಾಡಲ್ಲ. ಇನ್ನೊಂದ್ಸಲ ತೆಳು ಮಾಡ್ತೀರಾ, ಅಳತೆ ಹಿಡಿದು?"

ರಸವನ್ನು ಗಟ್ಟಿ ಗಂಜಿಗೆ ಬೆರೆಸಿ, ತೆಳು ಗಂಜಿಯನ್ನು ರಸವಿಲ್ಲದೆ ಬೇರೆ ಕೊಳವೆಗಳಿಗೆ ಹಾಕಿ ಮೂರು ಸಲ ಮಾಡಿದರು. ಮೂರು ಸಲವೂ ಒಂದೆಲಗ ಸೋತಿತು, ತೆಳು ಗಂಜಿಯ ನೊಣಗಳು ಏರಿದವು. "ಹಂಗಾದ್ರೆ ಕಾಯಿಲೆ ಇರೋ ಮನುಷ್ಯರಿಗೂ ಊಟ ಕಡಿಮೆ ಮಾಡ್ಬೇಕಾ?" ಎಂದು ಯಶೋಧರಮ್ಮ ಕೇಳಿದರು.

"ಅಯ್ಯೋ, ಬೇಡ! ಇದು ನೊಣದ ಮಾತು. ಮನುಷ್ಯರದ್ದು ಇನ್ನೂ ಗೊತ್ತಾಗಿಲ್ಲ" ಎಂದು ಕವನ ನಕ್ಕಳು.

ಎರಡು ತಿಂಗಳ ಮೇಲೆ ಸಭೆಯಲ್ಲಿ ಕವನ ಮೊದಲು ತೋರಿಸಿದ್ದು ತಾನು ಎಡವಿದ್ದನ್ನು. ಆಮೇಲೆ ಯಶೋಧರಮ್ಮನನ್ನು ಮುಂದಕ್ಕೆ ಕರೆದಳು. ಚಪ್ಪಾಳೆ ಬಿತ್ತು. ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತ ಅವರು ಕವನಳ ಕಿವಿಯಲ್ಲಿ ಹೇಳಿದರು: "ಕಡಿಮೆ ಬಡಿಸಿ ಹೊಗಳಿಸ್ಕೊಂಡಿದ್ದು ಜೀವಮಾನದಲ್ಲಿ ಇದೇ ಮೊದಲು ಕಣೇ."