ಮೂಸಿ ನೋಡಿದ ತಟ್ಟೆ

ಎದುರಿಗಿರುವವನು ಸುಳ್ಳು ಹೇಳುತ್ತಿದ್ದಾನೆ ಅನ್ನಿಸಿದರೆ ಲ್ಯಾಬಿನಮ್ಮನ ಮೂಗಿನ ಎಡಹೊಳ್ಳೆ ಮಾತ್ರ ಅಗಲವಾಗುತ್ತದೆ. ಅಲ್ಲಿರುವ ಬಿಳಿ ಹರಳಿನ ಮೂಗುಬೊಟ್ಟು ಒಮ್ಮೆ ಮಿನುಗಿ ಸುಮ್ಮನಾಗುತ್ತದೆ. ತೀರ್ಥಹಳ್ಳಿಯಲ್ಲಿ ಟೈಲರ್ ಅಂಗಡಿಯೊಂದರ ಮಹಡಿಯ ಮೇಲೆ ಅವರ ರಕ್ತಪರೀಕ್ಷೆಯ ಲ್ಯಾಬು. ದೊಡ್ಡ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ಬಂದವರು. ಅಲ್ಲಿಯ ಡಾಕ್ಟರು, ಇಲ್ಲಿಯ ಡಾಕ್ಟರು, ರೋಗಿಗಳು, ಎಲ್ಲರ ಮೇಲೂ ಒಂದೇ ತೂಕದ ತಿರಸ್ಕಾರ. ಭೇದಭಾವ ಇಲ್ಲ.

ನಾನು ಹೊಸನಗರದ ವಿಮೆ ಏಜೆಂಟ್. ಊರವರನ್ನು ಹೆದರಿಸುವುದು ವೃತ್ತಿ, ನಾನೇ ಹೆದರುವುದು ಹವ್ಯಾಸ. ಮದುವೆಮನೆಗೂ ಕುದಿಸಿದ ನೀರಿನ ಬಾಟ್ಲಿ ಒಯ್ಯುವವನು. ಆದರೆ ಮೂಳೆ ಸವೆದೀತೆಂಬ ಇನ್ನೊಂದು ಭಯದಿಂದ, ವಾಕಿಂಗ್ ನೆಪದಲ್ಲಿ ದಿನಾ ಬೆಳಿಗ್ಗೆ ಪರಿಚಯದವರ ಕೊಟ್ಟಿಗೆಗೆ ಹೋಗಿ ಆಗಷ್ಟೇ ಕರೆದ ನೊರೆಹಾಲನ್ನು ಹಾಗೆಯೇ ಒಂದು ಲೋಟ ಕುಡಿದು ಬರುತ್ತಿದ್ದೆ. ಮನೆಯಲ್ಲಿ ನೀರು ಕುದಿಸುವ ಕುರಿತು ಭಾಷಣ ಬಿಗಿಯುವವನು ಇದನ್ನು ಹೆಂಡತಿಗೆ ಹೇಳುವುದುಂಟೆ?

ಒಂದು ಚಳಿಗಾಲದಲ್ಲಿ ಜ್ವರ ಹಿಡಿಯಿತು. ಸಂಜೆ ಏರುತ್ತದೆ, ಬೆಳಗಿನ ಹೊತ್ತಿಗೆ ಬೆವರಿ ಇಳಿಯುತ್ತದೆ. ಕುಳಿತರೆ ಸೊಂಟ ಏಳಗೊಡದು. ಸಾಗರದ ಡಾಕ್ಟರು ಎರಡು ಸಲ ಟೈಫಾಯ್ಡ್ ಅಂದರು. ಎರಡು ತಿಂಗಳಾದ ಮೇಲೆ, ಬೆನ್ನುಮೂಳೆಯ ಟಿಬಿ ಇರಬಹುದು, ಔಷಧಿ ಶುರುಮಾಡೋಣ ಅಂದರು. ನಾನು ಮನಸ್ಸಿನಲ್ಲೇ ನನ್ನ ತಿಥಿಗೆ ಯಾರ್ಯಾರು ಬರಬಹುದೆಂದು ಯೋಚಿಸತೊಡಗಿದೆ. ಹೆಂಡತಿ ಲ್ಯಾಬಿನಮ್ಮನ ಬಳಿ ಎಳೆದೊಯ್ದಳು.

ಅವರು ಚೀಟಿ ಓದಿದರು. "ಕಾಯಿಲೆ ಎಂತದು ಅಂತ ಗೊತ್ತಿಲ್ಲ, ಔಷಧಿ ಮಾತ್ರ ಗೊತ್ತು. ಭಾರೀ ಡಾಕ್ಟ್ರು ಮಾರಾಯ್ರೇ." ಆಮೇಲೆ ನನ್ನತ್ತ ತಿರುಗಿ, "ಹಸಿ ಹಾಲು ಕುಡೀತೀರಾ?"

ಹೆಂಡತಿ ಪಕ್ಕದಲ್ಲೇ ಇದ್ದಳು. "ಛೆ, ನಾನು ನೀರೇ ಕುದಿಸಿ ಕುಡಿಯೋನು" ಅಂದೆ.

"ಹೌದು, ಅದೊಂದು ಕಾಟ ನಮ್ಗೆ" ಎಂದು ಅವಳೂ ಸಾಕ್ಷಿ ನುಡಿದಳು.

ಎಡಹೊಳ್ಳೆ ಅಗಲವಾಯಿತು. ಆದರೆ ಸಾಕ್ಷಿ ಬಲವಾಗಿತ್ತು. 'ಇಲ್ಲ' ಎಂದು ಬರೆದುಕೊಂಡರು.

ರಕ್ತವನ್ನು ತಿಳಿಸಾರಿನಂಥ ದ್ರವದ ಬಾಟ್ಲಿಗೆ ಹಾಕಿ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟರು. ಐದನೇ ದಿನವೂ ಅದರಲ್ಲಿ ಯಾವ ರೋಗಾಣುವೂ ಬೆಳೆದಿರಲಿಲ್ಲ. ಬೇರೆಯವರಾಗಿದ್ದರೆ ಚೆಲ್ಲಿ ವರದಿ ಕೊಡುತ್ತಿದ್ದರು. ಸಾಗರದಿಂದ ಫೋನ್ ಬಂದಾಗ ಇವರು, "ನಿಮ್ಮ ಅವಸರಕ್ಕೆ ಹುಳ ಬೆಳೆಯಲ್ಲ ಡಾಕ್ಟ್ರೇ. ಕಾಯಕ್ಕಾಗ್ದಿದ್ರೆ ಜಾತಕ ನೋಡ್ಸಿ" ಅಂದರಂತೆ. ನಾನೂ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದೆ.

"ಸತ್ತಿದೀರಾ?"

"ಇಲ್ಲ."

"ಹಂಗಾರೆ ಇಡಿ."

ಬಾಟ್ಲಿಯಿಂದ ಮತ್ತೆ ಮತ್ತೆ ರೋಗಾಣು ಬೆಳೆಸುವ ಮುಚ್ಚಳದ ತಟ್ಟೆಗೆ ಸವರಿ ಕಾದರು. ಹನ್ನೆರಡನೇ ದಿನ ಇಬ್ಬನಿಯಂಥ ಸಣ್ಣ ಚುಕ್ಕೆಗಳು ಎದ್ದವು. ಯಾವ ಹುಳವೆಂದು ಅಂದಾಜಿಸಲು ಮುಚ್ಚಳ ತೆಗೆದು ಮೂಸುವುದು ಹಳೆಯ ಲ್ಯಾಬಿನವರ ಅಭ್ಯಾಸ. ಅವರೂ ಮೂಸಿದರು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿ ನನಗೆ ಫೋನ್ ಮಾಡಿದರು.

"ಹಸಿ ಹಾಲು ಕುಡ್ದಿದೀರಿ."

"ಅದು... ಒಂದೇ ಲೋಟ. ದಿನಾ."

"ಮೊದ್ಲೇ ಬೊಗಳಿದ್ರೆ ನಾನು ಮುಚ್ಚಳ ತೆಗೀತಿರ್ಲಿಲ್ಲ. ಉಸಿರಲ್ಲೇ ಹತ್ತೋ ಹುಳ ಇದು."

ದನದಿಂದ ಬರುವ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ. ಮೂರು ವಾರದ ಮೇಲೆ ದೊಡ್ಡ ಆಸ್ಪತ್ರೆಯೂ ಹೌದೆಂದಿತು. ಟಿಬಿಯ ಮಾತು ಬಿತ್ತು. ಮೂರು ತಿಂಗಳ ಮಾತ್ರೆ, ಮೊದಲ ವಾರಗಳಲ್ಲಿ ಇಂಜೆಕ್ಷನ್. ಮಾತ್ರೆಯಿಂದ ಮೂತ್ರ ಕೆಂಪಾದಾಗ ಸೀಸೆ ಹಿಡಿದು ತೀರ್ಥಹಳ್ಳಿಯ ಬಸ್ ಹತ್ತಿದೆ. "ಕೆಂಪಾಗತ್ತೆ ಅಂತ ಚೀಟಿಲೇ ಬರ್ದಿದೆ. ಓದಕ್ಕೂ ಹೆದ್ರಿಕೆನಾ?" ಅಂದರು. ಆ ಸಂಜೆ ಅವರ ಹಣೆಯ ಮೇಲೆ ಬೆವರಿತ್ತು, ಕುರ್ಚಿಯಿಂದ ಏಳಲು ಮೇಜು ಹಿಡಿದರು. ಆ ಏಳುವಿಕೆ ನನ್ನದೇ ಎಂದು ಗುರುತಾಯಿತು.

ಮೂಸಿದ ತಟ್ಟೆಯಿಂದ ಅದೇ ಹುಳ ಹತ್ತಿತ್ತು, ನನಗಿದ್ದ ಔಷಧಿಯೇ ಅವರಿಗೂ ಆಯಿತು. ಆ ಇಂಜೆಕ್ಷನ್ ಕೆಲವರ ಕಿವಿ ಕೆಡಿಸುತ್ತದೆಂದು ಕೇಳಿ ನಾನು ದಿನಾ ಕೈಗಡಿಯಾರವನ್ನು ಕಿವಿಗೆ ಹಿಡಿದು ಪರೀಕ್ಷಿಸಿಕೊಂಡಿದ್ದೆ. ನನಗೇನೂ ಆಗಲಿಲ್ಲ. ಅವರ ಎಡಗಿವಿ ಹೋಯಿತು.

ಈಗಲೂ ತಿಂಗಳಿಗೊಮ್ಮೆ ಹೊಸ ರೋಗದ ಗುಮಾನಿ ಹೊತ್ತು ಆ ಮೆಟ್ಟಿಲು ಹತ್ತುತ್ತೇನೆ. ಅವರು ಕುರ್ಚಿ ತಿರುಗಿಸಿ ಎಡಗಿವಿಯನ್ನು ನನ್ನತ್ತ ಮಾಡುತ್ತಾರೆ. "ಇದು ನಿಮ್ಗೇ ಅಂತ ಇಟ್ಟಿದ್ದು. ಹೇಳಿ."

ಹೋದ ಸಲ ಎಲ್ಲಾ ಕಾಯಿಲೆ ಹೇಳಿ ಮುಗಿದ ಮೇಲೆ ಅದೇ ಕಿವಿಗೆ ಮೆಲ್ಲಗೆ, ಅವತ್ತು ಸುಳ್ಳು ಹೇಳಿದ್ದು ತಪ್ಪಾಯಿತು ಅಂದೆ.

"ಎಂತದೂ ಕೇಳ್ಲಿಲ್ಲ" ಅಂದರು.

ಮೂಗಿನ ಎಡಹೊಳ್ಳೆ ಅಗಲವಾಯಿತು, ಹರಳು ಮಿನುಗಿತು. ಈ ಸಲ ಸುಳ್ಳು ಹೇಳಿದವನು ನಾನಲ್ಲ.