ಗುರುವಾರದ ಹಳದಿ ಚೀಲ

ಡಾಲಸ್ ನಗರದ ಹೊರವಲಯದ ಫ್ಲವರ್ ಮೌಂಡ್‌ನಲ್ಲಿ ಗ್ಯಾರೇಜ್ ಬಾಗಿಲುಗಳು ಬೆಳಗ್ಗೆ ಐದೂವರೆಗೆಲ್ಲ ಏಳತೊಡಗುತ್ತವೆ. ಎಂಟೂವರೆಯ ಹೊತ್ತಿಗೆ ಊರು ಖಾಲಿ. ಡಾಲಸ್‌ಗೆ, ಪ್ಲೇನೋಗೆ, ಅರ್ವಿಂಗ್‌ಗೆ ಹೋದವರು ಮರಳುವುದು ಸಂಜೆ ಆರರ ಮೇಲೆ. ಹಗಲು ಹೊತ್ತಿನಲ್ಲಿ ಮನೆಯ ಮುಂದೆ ಗಂಡಸಿನ ಕಾರು ನಿಂತಿದ್ದರೆ ಅದೊಂದು ಸುದ್ದಿ. ಒಂದೋ ಜ್ವರ, ಇಲ್ಲವೇ ಲೇಆಫ್.

ಆ ಖಾಲಿ ಊರಿನಲ್ಲಿ ಉಳಿದುಕೊಳ್ಳುವವರು ಗೋದಾವರಿ. ವಯಸ್ಸು ಐವತ್ತಾರು, ಹುಟ್ಟೂರು ಗದಗ-ಬೆಟಗೇರಿ. ಗಂಡ ಇರಣ್ಣನ ಜೊತೆ ಮೊದಲು ಹ್ಯೂಸ್ಟನ್ನಿನಲ್ಲಿ, ತೈಲ ಕಂಪನಿಗಳ ಬಡಾವಣೆಯಾದ ಎನರ್ಜಿ ಕಾರಿಡಾರ್ ಹತ್ತಿರ ಒಂಬತ್ತು ವರ್ಷ ಇದ್ದು, ಅವನಿಗೆ ಡಾಲಸ್ ಡೌನ್‌ಟೌನ್‌ನಲ್ಲಿ ಕೆಲಸ ಸಿಕ್ಕಾಗ ಇಲ್ಲಿಗೆ ಶಿಫ್ಟ್ ಆದವರು. ಬಟ್ಟೆ ಒಗೆಯುವ ಕೋಣೆಯ ಗೋಡೆಗೆ ಇರಣ್ಣ ಒಂದು ಹಲಗೆ ಹೊಡೆದುಕೊಟ್ಟಿದ್ದಾನೆ. ಅದರಲ್ಲಿ ಹನ್ನೊಂದು ಕೊಕ್ಕೆಗಳು. ಒಂದೊಂದರಲ್ಲಿ ಒಂದೊಂದು ಮನೆಯ ಕೀಲಿ, ಕೆಳಗೆ ಕನ್ನಡದಲ್ಲಿ ಹೆಸರು. ಪಾರ್ಸೆಲ್ ಒಳಗಿಡುವುದು, ನೀರಿನ ಹೀಟರ್ ಸೋರಿದರೆ ಪ್ಲಂಬರ್‌ಗೆ ಬಾಗಿಲು ತೆಗೆಯುವುದು, ಶಾಲೆಯಲ್ಲಿ ಮಗುವಿಗೆ ವಾಂತಿಯಾದರೆ ಹೋಗಿ ಕರೆತರುವುದು, ಎಲ್ಲ ಅವರ ಪಾಲಿನದು. ಹದಿನಾಲ್ಕು ಮಕ್ಕಳ ಶಾಲೆಯ ಕಾಗದಗಳಲ್ಲಿ ತುರ್ತು ಸಂಪರ್ಕದ ಹೆಸರು ಗೋದಾವರಿ ಆಂಟಿಯದು.

ಏಳನೆಯ ಕೊಕ್ಕೆ ಖಾಲಿ. ಅದರ ಕೆಳಗಿನ ಹೆಸರನ್ನು ಅವರು ಕಿತ್ತಿಲ್ಲ. ಶಶಿಕಾಂತ್.

ಶಶಿಕಾಂತ್ ಹುಬ್ಬಳ್ಳಿಯವನು, ಅದೇ ಬೀದಿಯಲ್ಲಿ ನಾಲ್ಕು ಮನೆ ಆಚೆ. 2015ರ ಜನವರಿಯಲ್ಲಿ ಅವನ ಕೆಲಸ ಹೋಯಿತು. ಅವನು ಯಾರಿಗೂ ಹೇಳಲಿಲ್ಲ. ದಿನಾ ಏಳಕ್ಕೆ ಶರ್ಟು ಇಸ್ತ್ರಿ ಮಾಡಿಕೊಂಡು ಹೊರಟು ಲೂಯಿಸ್‌ವಿಲ್‌ನ ಲೈಬ್ರರಿಯಲ್ಲಿ ಕೂತು ಸಂಜೆ ಮರಳುತ್ತಿದ್ದ. ಒಂದು ದಿನ ಮಧ್ಯಾಹ್ನ ಪಾರ್ಸೆಲ್ ಒಳಗಿಡಲು ಕೀಲಿ ತೆರೆದು ಹೋದ ಗೋದಾವರಿಗೆ ಅಂದು ಲೈಬ್ರರಿಗೂ ಹೋಗದೆ ಊಟದ ಮೇಜಿನ ಮುಂದೆ ಮಂಕಾಗಿ ಕೂತ ಶಶಿಕಾಂತ್ ಸಿಕ್ಕ. ಕೇಳಿದಾಗ ಅವರಿಗೊಬ್ಬರಿಗೇ ಹೇಳಿಕೊಂಡ. ಆ ಸಂಜೆ ಗೆಳತಿ ನಾಗಮಣಿಗೆ ಫೋನಿನಲ್ಲಿ, “ಪಾಪ, ಶಶೀದು ನೌಕರಿ ಹೋಗೇತಿ, ನಿಮ್ಮ ಮನಿಯವ್ರ ಆಫೀಸಿನ್ಯಾಗ ಏನರ ಇದ್ರ ನೋಡ್ರಿ” ಎಂದರು. ಒಳ್ಳೆಯದಕ್ಕೇ ಹೇಳಿದ್ದು. ಆದರೆ ಆ ಶುಕ್ರವಾರ ಯಾರದೋ ಮನೆಯ ಪೂಜೆಯಲ್ಲಿ ಮೂವರು ಹೆಂಗಸರು ಶಶಿಕಾಂತನ ಹೆಂಡತಿ ರಮಾಳ ಕೈ ಹಿಡಿದು ಸಮಾಧಾನ ಹೇಳಿದರು. ರಮಾಳಿಗೆ ವಿಷಯ ಗೊತ್ತಾದದ್ದು ಅಲ್ಲೇ.

ಭಾನುವಾರ ಶಶಿಕಾಂತ್ ಬಂದು ಬಾಗಿಲಲ್ಲೇ ನಿಂತ. “ಕೀಲಿ ಕೊಡ್ರಿ, ಗೋದಾವರಿಯವ್ರ.” ಅಲ್ಲಿಯ ತನಕ ಅವರು ಅವನಿಗೆ ‘ಅಕ್ಕಾರ’ ಆಗಿದ್ದರು.

ಆಮೇಲೆ ಅವನಿಗೆ ಡೌನ್‌ಟೌನ್‌ನಲ್ಲೇ ಕೆಲಸ ಸಿಕ್ಕಿತು. ಇರಣ್ಣ ಹಿಡಿಯುವ ರೈಲನ್ನೇ ಅವನೂ ಹಿಡಿಯುತ್ತಿದ್ದ. ಬೇರೆ ಡಬ್ಬಿಯಲ್ಲಿ ಕೂರುತ್ತಿದ್ದ.

ಈ ಗುರುವಾರದ ಸಂಗತಿ ನಡೆದದ್ದು ಮರುವರ್ಷ, 2016ರ ಏಪ್ರಿಲ್‌ನಲ್ಲಿ.

ನೆರೆಮನೆಯ ಪ್ರಗತಿ ಮೈಸೂರಿನಲ್ಲಿ ಆರು ವರ್ಷ ನರ್ಸ್ ಆಗಿದ್ದವಳು. ಗಂಡ ಪ್ರಶಾಂತನ ವೀಸಾದ ಮೇಲೆ ಬಂದು ಏಳು ವರ್ಷ ಮನೆಯಲ್ಲಿ ಕೂತಿದ್ದಳು. ಅಂಥ ಹೆಂಡತಿಯರಿಗೆ ಕೆಲಸ ಮಾಡಲು ಅನುಮತಿ ಸಿಕ್ಕಿದ್ದು ಹಿಂದಿನ ವರ್ಷವಷ್ಟೇ. ಹಳೆಯ ಅಂಕಪಟ್ಟಿಗಳನ್ನು ತರಿಸಿ, ಇಂಗ್ಲಿಷ್ ಪರೀಕ್ಷೆ ಪಾಸಾಗಿ, ನರ್ಸಿಂಗ್ ಲೈಸೆನ್ಸ್ ಪರೀಕ್ಷೆಗೆ ಕೂರುವ ಪರವಾನಗಿ ಪಡೆದಿದ್ದಳು. ಪರವಾನಗಿಯ ಅವಧಿ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಸಿಕ್ಕಿದ್ದ ಕೊನೆಯ ಜಾಗ ಗುರುವಾರ ಬೆಳಗ್ಗೆ ಎಂಟಕ್ಕೆ, ಉತ್ತರ ಡಾಲಸ್‌ನ ಒಂದು ಕೇಂದ್ರದಲ್ಲಿ. ಎಂಟೂವರೆ ದಾಟಿದರೆ ಒಳಗೆ ಬಿಡುವುದಿಲ್ಲ. ತಪ್ಪಿದರೆ ಮತ್ತೆ ಅರ್ಜಿ, ಮತ್ತೆ ತಿಂಗಳುಗಟ್ಟಲೆ ಕಾಯುವುದು. ಅವಳಿಗಾಗಿ ಕೆಲಸ ಹಿಡಿದಿಟ್ಟಿದ್ದ ಆಸ್ಪತ್ರೆ ಆ ತಿಂಗಳ ಕೊನೆಯವರೆಗೆ ಮಾತ್ರ ಕಾಯುವುದಾಗಿ ಹೇಳಿತ್ತು.

ಪ್ರಶಾಂತ್ ಆ ವಾರ ಆಸ್ಟಿನ್‌ನಲ್ಲಿ ಕ್ಲೈಂಟ್ ಕೆಲಸದ ಮೇಲಿದ್ದ. ಪ್ರಗತಿ ಹೈವೇಗೆ ಕಾರು ಇಳಿಸಿದವಳೇ ಅಲ್ಲ. “ನಾ ಕರಕೊಂಡ್ ಹೋಗ್ತೀನಿ” ಎಂದರು ಗೋದಾವರಿ. ಅಲ್ಲಿಗೆ ನಿಲ್ಲಿಸಲಿಲ್ಲ.

“ಗುರುವಾರ ದಕ್ಷಿಣಕ್ಕ ಶೂಲಿ ಐತಿ, ಆ ದಿಕ್ಕಿಗೆ ಹೊರಡಬಾರದು. ಡಾಲಸ್ ನಮಗ ದಕ್ಷಿಣ. ಬುಧವಾರ ಸಂಜೀನ ಪ್ರಸ್ಥಾನ ಇಟ್ಟುಬಿಡು. ನಿನ್ನ ಚೀಲ ನಮ್ಮನಿಗೆ ಬಂತಂದ್ರ ನೀನು ಬುಧವಾರನ ಹೊರಟಂಗ.”

“ಆಂಟಿ, ಅದೆಲ್ಲ ಬೇಡ...”

“ಸುಮ್ನ ತಾ. ಖಾಲಿ ಚೀಲ ಅಲ್ಲ ಮತ್ತ. ಹೋಗೋ ಕೆಲಸದ್ದು ಏನರ ಒಂದು ಅದರೊಳಗ ಇರಬೇಕು.”

ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಇರಣ್ಣ ತಲೆ ಎತ್ತಲಿಲ್ಲ. “ವಾರಾ ವಾರಾ ಗುರುವಾರ ಇಡೀ ಫ್ಲವರ್ ಮೌಂಡ್ ದಕ್ಷಿಣಕ್ಕ ಹೋಗ್ತೈತಿ. ಶೂಲಿ ಯಾರಿಗೆ ಚುಚ್ಚೇತಿ?”

“ದಿನಾ ಹೋಗೋರಿಗೆ ಇಲ್ರೀ. ಹೊಸಾ ಕೆಲಸಕ್ಕ ಹೋಗೋರಿಗೆ.”

ಪ್ರಗತಿ ಒಂದು ಹಳದಿ ಬಟ್ಟೆ ಚೀಲ ತಂದುಕೊಟ್ಟಳು. ಅದರಲ್ಲಿ ಒಂದು ಸ್ವೆಟರ್, ಪರೀಕ್ಷೆಯ ಪತ್ರ, ಪಾಸ್‌ಪೋರ್ಟ್. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು. ಪರೀಕ್ಷೆಗೆ ನೋಂದಾಯಿಸಿದ್ದು ಪಾಸ್‌ಪೋರ್ಟಿನ ಪ್ರಕಾರ. ಅದಿಲ್ಲದೆ ಒಳಗೆ ಹೋಗುವಂತಿಲ್ಲ. ಗೋದಾವರಿ ಚೀಲಕ್ಕೆ ಕುಂಕುಮ ಹಚ್ಚಿ ಕೀಲಿಹಲಗೆಯ ಪಕ್ಕದ ಗೂಟಕ್ಕೆ ನೇತುಹಾಕಿದರು.

ಆ ಹಳದಿ ಚೀಲ ಹಿಂದಿನ ರಾಜ್ಯೋತ್ಸವದಲ್ಲಿ ಕನ್ನಡ ಸಂಘದವರು ಹಂಚಿದ್ದು. ಫ್ಲವರ್ ಮೌಂಡ್‌ನ ಪ್ರತಿಯೊಂದು ಕನ್ನಡ ಮನೆಯಲ್ಲೂ ಅಂಥವು ಎರಡಿವೆ.

ಗುರುವಾರ ಬೆಳಗ್ಗೆ ಆರು ನಲವತ್ತಕ್ಕೆ ಪ್ರಗತಿ ಬಂದಳು. ಹೆರಳು ಬಿಗಿಯಾಗಿತ್ತು, ಮುಖ ಬಿಳಿಚಿತ್ತು. ಗೋದಾವರಿ ಗೂಟದಿಂದ ಚೀಲ ತೆಗೆದರು. ಬೆಚ್ಚಗಿತ್ತು. ಒಳಗೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ.

ಇರಣ್ಣನ ಬುತ್ತಿ. ಬೆಳಗ್ಗೆ ಅವರೇ ಇನ್ನೊಂದು ಹಳದಿ ಚೀಲದಲ್ಲಿ ಕಟ್ಟಿ ಅದೇ ಗೂಟಕ್ಕೆ ಹಾಕಿದ್ದರು. ಆರಕ್ಕೆ ಹೊರಟ ಇರಣ್ಣ ಕೈಗೆ ಸಿಕ್ಕ ಹಳದಿ ಚೀಲ ಎತ್ತಿಕೊಂಡು ಹೋಗಿದ್ದ.

“ಆಂಟಿ, ನನ್ ಪಾಸ್‌ಪೋರ್ಟ್?”

ಗೋದಾವರಿ ಇರಣ್ಣನಿಗೆ ಫೋನ್ ಮಾಡಿದರು. ರಿಂಗ್ ಆಯಿತು, ಎತ್ತಲಿಲ್ಲ. ಎರಡನೆಯ ಸಲ, ಮೂರನೆಯ ಸಲ. ವರ್ಷಗಳ ಅಭ್ಯಾಸ ಅವನದು. ರೈಲಿನಲ್ಲಿ ಫೋನಿನ ಬಾಯಿ ಮುಚ್ಚಿ, ಚೀಲ ತೊಡೆಯ ಮೇಲಿಟ್ಟುಕೊಂಡು, ಡೌನ್‌ಟೌನ್ ಬರುವ ತನಕ ನಿದ್ದೆ.

ಗೋಡೆಯ ಗಡಿಯಾರ ಆರು ಐವತ್ತು ತೋರಿಸುತ್ತಿತ್ತು. ಹೊತ್ತು ಕಳೆದಷ್ಟೂ ಪಾಸ್‌ಪೋರ್ಟ್ ದೂರ ಹೋಗುತ್ತಿತ್ತು. ಡೌನ್‌ಟೌನ್ ತನಕ ಹೋಗಿ ತರುವುದಾದರೆ ಒಂಬತ್ತಾದರೂ ಕೇಂದ್ರ ತಲುಪುವುದಿಲ್ಲ.

ಗೋದಾವರಿಯ ಕಣ್ಣು ಏಳನೆಯ ಕೊಕ್ಕೆಯ ಮೇಲೆ ಬಿತ್ತು. ಹದಿನೈದು ತಿಂಗಳಿಂದ ಆ ನಂಬರಿಗೆ ಅವರು ಫೋನ್ ಮಾಡಿರಲಿಲ್ಲ. ಅಳಿಸಿಯೂ ಇರಲಿಲ್ಲ.

“ಹೇಳ್ರಿ,” ಎಂದ ಶಶಿಕಾಂತ್. ಹಿಂದೆ ರೈಲಿನ ಸದ್ದು.

ಅವರು ಒಂದೇ ಉಸಿರಿನಲ್ಲಿ ಹೇಳಿದರು. ಪ್ರಗತಿಯ ಪರೀಕ್ಷೆ, ಎಂಟೂವರೆ, ಹಳದಿ ಚೀಲ, ಪಾಸ್‌ಪೋರ್ಟ್, ಫೋನ್ ಎತ್ತದ ಇರಣ್ಣ.

ಆ ಕಡೆಯಿಂದ ಮುಂದಿನ ನಿಲ್ದಾಣದ ಹೆಸರು ಹೇಳುವ ಯಂತ್ರದ ದನಿ ಕೇಳಿಸಿತು. ಲೈನ್ ಕಟ್ಟಾಯಿತು.

“ಏನಂದ್ರು ಆಂಟಿ?”

“ಏನೂ ಅನ್ನಲಿಲ್ಲ. ನಡೀ, ಕಾರ್ ಹತ್ತು.”

ಹದಿಮೂರು ವರ್ಷದಿಂದ ಈ ಊರಿನ ಜನರ ಡ್ರೈವ್‌ನ ಕಥೆಗಳನ್ನು ಗೋದಾವರಿ ಕೇಳುತ್ತ ಬಂದಿದ್ದರು. ಬೆಳಗಿನ ಏಳರ ಹೊತ್ತಿಗೆ ಆ ರಸ್ತೆಗೆ ತಾವೇ ಇಳಿದದ್ದು ಅದೇ ಮೊದಲು. ಲೂಯಿಸ್‌ವಿಲ್ ದಾಟಿ ಮೂವತ್ತೈದನೇ ಹೈವೇ ಸೇರಿದ ಕೂಡಲೇ ಕಾರುಗಳು ನಿಂತವು. ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಕಿತ್ತಳೆ ಪೀಪಾಯಿಗಳು, ಒಂದು ಲೇನ್ ಬಂದ್, ಮುಂದೆ ಕಣ್ಣಿಗೆ ಕಾಣುವಷ್ಟೂ ಕೆಂಪು ದೀಪ. ಪಕ್ಕದ ಕಾರಿನವನು ಸ್ಟಿಯರಿಂಗ್ ಮೇಲೆ ಬಟ್ಟಲಿಟ್ಟುಕೊಂಡು ಹಾಲಿನಲ್ಲಿ ನೆನೆದ ಸೀರಿಯಲ್ ತಿನ್ನುತ್ತಿದ್ದ.

ಎಲ್ಲಿಗೆ ಹೋಗುತ್ತಿದ್ದೇವೆಂದು ಅವರಿಗೇ ಗೊತ್ತಿರಲಿಲ್ಲ. ಡೌನ್‌ಟೌನ್‌ಗೋ, ಬರಿಗೈಯಲ್ಲಿ ಕೇಂದ್ರಕ್ಕೋ? ಎರಡು ದಾರಿ ಕವಲೊಡೆಯುವುದು ಇನ್ನು ಎಂಟು ಮೈಲಿ ದೂರದಲ್ಲಿ.

ಪ್ರಗತಿಯ ಫೋನ್ ಹೊಡೆದುಕೊಂಡಿತು. ಪ್ರಶಾಂತ್. ಅವಳು ಸ್ಪೀಕರ್‌ಗೆ ಹಾಕಿದಳು.

“ತಲುಪಿದ್ಯೇನೇ? ಟೆನ್ಷನ್ ಮಾಡ್ಕೋಬೇಡ. ಎಲ್ಲಾ ತಗೊಂಡಿದೀಯ ತಾನೆ?”

“ಹೂಂ. ಹತ್ರ ಇದೀವಿ. ಆಮೇಲೆ ಮಾಡ್ತೀನಿ.” ಅವಳು ಫೋನನ್ನು ಮಗುಚಿ ಇಟ್ಟಳು. ಕಿಟಕಿಯ ಕಡೆ ತಿರುಗಿ ಹೇಳಿದಳು: “ನಾನು ಬೇಡ ಅಂದಿದ್ದೆ ಆಂಟಿ.”

“ಅಂದಿದ್ದಿ. ತಪ್ಪು ನಂದ.” ಎಂದರು ಗೋದಾವರಿ. ಇದೂ ಒಳ್ಳೆಯದಕ್ಕೇ ಮಾಡಿದ್ದು ಎಂದು ನಾಲಿಗೆ ತುದಿಗೆ ಬಂತು. ಆ ಮಾತನ್ನು ಹಿಂದೆ ಒಮ್ಮೆ ಶಶಿಕಾಂತನಿಗೂ ಹೇಳಿದ್ದರು. ನುಂಗಿಕೊಂಡರು.

ಏಳು ಹನ್ನೆರಡಕ್ಕೆ ಗೋದಾವರಿಯ ಫೋನಿಗೆ ಶಶಿಕಾಂತನ ಮೆಸೇಜು ಬಂತು. ಎರಡೇ ಪದ: ರಾಯಲ್ ಲೇನ್.

“ಅದು ಸ್ಟೇಷನ್ನು ಆಂಟಿ! ಹೈವೇ ಪಕ್ಕದಲ್ಲೇ.” ಪ್ರಗತಿ ನಕ್ಷೆ ತೆರೆದಳು. ಮೂವತ್ತೊಂಬತ್ತು ನಿಮಿಷ ಎಂದು ತೋರಿಸಿತು. ಐದು ನಿಮಿಷ ಬಿಟ್ಟು ನೋಡಿದರೆ ನಲವತ್ತೊಂದು.

ಏಳು ನಲವತ್ತಕ್ಕೆ ಇರಣ್ಣನ ಫೋನ್. ದನಿಯಲ್ಲಿ ಇನ್ನೂ ನಿದ್ದೆ, ಜೊತೆಗೆ ಸಿಟ್ಟು. “ಏ ಗೋದಾ, ನನ್ನ ಬುತ್ತಿ ಯಾವನೋ ಕದ್ದಾನ! ಕಣ್ಣು ಬಿಟ್ಟು ನೋಡ್ತೀನಿ, ತೊಡಿ ಮ್ಯಾಲಿನ ಚೀಲ ಇಲ್ಲ. ಈ ದೇಶದಾಗ ರೊಟ್ಟಿನೂ ಕದೀತಾರಲ್ಲ!”

“ನಿಮ್ಮ ರೊಟ್ಟಿ ಮನ್ಯಾಗ ಐತಿ. ಫೋನ್ ಇಡ್ರಿ.”

“ಮತ್ತ ನಾ ಒಯ್ದದ್ದೇನು?”

“ಇಡ್ರಿ ಅಂದ್ನೆಲ್ಲ!”

ಪ್ರಗತಿಗೆ ನಗು ಬಂತು. ನಗುತ್ತಲೇ ಅವಳ ಕಣ್ಣಲ್ಲಿ ನೀರು ಇಳಿಯಿತು. ಮುಂದಿನ ಕಾರು ಹತ್ತು ಅಡಿ ಸರಿಯಿತು, ನಿಂತಿತು.

ಎಂಟಕ್ಕೆ ಎರಡು ನಿಮಿಷ. ರಾಯಲ್ ಲೇನ್ ಸ್ಟೇಷನ್ನಿನ ಮುಂದೆ, ಬಸ್ಸು ನಿಲ್ಲುವ ಜಾಗದಲ್ಲಿ, ಶಶಿಕಾಂತ್ ರಸ್ತೆಯಂಚಿಗೇ ಬಂದು ನಿಂತಿದ್ದ. ಹಳದಿ ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದಿದ್ದ. ಇಸ್ತ್ರಿ ಮಾಡಿದ ಶರ್ಟು ಮುದುಡಿತ್ತು. ಪ್ರಗತಿ ಕಿಟಕಿಯಿಂದಲೇ ಕೈ ಚಾಚಿ ಚೀಲ ಸೆಳೆದುಕೊಂಡು, ಸ್ವೆಟರ್ ಕೆಳಗೆ ತಡಕಿದಳು. ಪಾಸ್‌ಪೋರ್ಟ್ ಇತ್ತು.

“ಮೊದಲನೇ ಡಬ್ಬಿಯೊಳಗ ನಾ, ಎರಡನೇದರೊಳಗ ಅವರು,” ಎಂದ ಶಶಿಕಾಂತ್. “ಒಳಗಿಂದ ದಾರಿ ಇಲ್ಲ. ಫಾರ್ಮರ್ಸ್ ಬ್ರಾಂಚ್‌ನ್ಯಾಗ ಇಳದು ಪ್ಲಾಟ್‌ಫಾರ್ಮಿನ ಮ್ಯಾಲೆ ಓಡಿ ಹತ್ತಿದೆ. ಎಬ್ಬಿಸಿದ್ರ ಏಳವಲ್ರು. ಇಲ್ಲಿ ಬಾಗಿಲಾ ತಗದ್ವು, ಚೀಲ ಕಸಕೊಂಡು ಇಳದೆ. ಹೋಗ್ರಿ ಹೋಗ್ರಿ, ಮಾತು ಬ್ಯಾಡ.”

ಗೋದಾವರಿ ಗೇರ್ ಹಾಕಿದರು. ಕಾರು ಹೊರಳುವಾಗ ಅವನು ಬಾಗಿ, ಅವರಿಗೆ ಮಾತ್ರ ಕೇಳುವಂತೆ ಒಂದು ಮಾತು ಸೇರಿಸಿದ.

“ಅಕ್ಕಾರ, ಯಾರಿಗೂ ಹೇಳಬ್ಯಾಡ್ರಿ ಮತ್ತ.”

ಅದು ತಮಾಷೆಯೋ ಚುಚ್ಚುಮಾತೋ ಯೋಚಿಸಲು ಅವರಿಗೆ ಪುರಸೊತ್ತಿರಲಿಲ್ಲ.

ಎಂಟು ಇಪ್ಪತ್ತಾರಕ್ಕೆ ಕಾರು ಕೇಂದ್ರದ ಬಾಗಿಲಿಗೆ ಬಂತು. ಪ್ರಗತಿ ಸ್ವೆಟರನ್ನೂ ಚೀಲವನ್ನೂ ಸೀಟಿನ ಮೇಲೆ ಬಿಟ್ಟು ಪಾಸ್‌ಪೋರ್ಟ್ ಹಿಡಿದು ಓಡಿದಳು. ಗಾಜಿನ ಬಾಗಿಲು ಮುಚ್ಚಿಕೊಂಡಿತು. ಐದು ನಿಮಿಷ, ಹತ್ತು ನಿಮಿಷ. ಅವಳು ಹೊರಗೆ ಬರಲಿಲ್ಲ. ಒಳಗೆ ಬಿಟ್ಟಿದ್ದಾರೆ ಎಂದು ನಂಬಲು ಗೋದಾವರಿಗೆ ಒಂಬತ್ತು ಗಂಟೆಯಾಗಬೇಕಾಯಿತು. ಆಗ ಸ್ಟಿಯರಿಂಗ್‌ನಿಂದ ಕೈ ತೆಗೆದರು. ಬೆರಳುಗಳು ನೆಟ್ಟಗಾಗಲಿಲ್ಲ.

ಫಲಿತಾಂಶ ಎರಡು ದಿನದ ಮೇಲೆ, ಶನಿವಾರ ಬೆಳಗ್ಗೆ ಬಂತು. ಪ್ರಗತಿ ಅಡಿಗೆಮನೆಯ ಬಾಗಿಲಿಗೆ ಬಂದು ಫೋನನ್ನು ತೋರಿಸಿದಳು. ಪಾಸ್. ಗೋದಾವರಿ ಅವಳ ಬಾಯಿಗೆ ಸಕ್ಕರೆ ಹಾಕಿದರು.

ಆ ಮಧ್ಯಾಹ್ನ ನಾಗಮಣಿಯ ಫೋನ್ ಬಂತು. “ಆ ಪ್ರಗತೀದು ಪರೀಕ್ಷೆ ಏನಾಯ್ತು? ನಿಮಗೆ ಗೊತ್ತಿಲ್ಲದೇ ಇರುತ್ತಾ!”

ಹಲಗೆಯ ಮುಂದೆ ನಿಂತಿದ್ದ ಗೋದಾವರಿ ಏಳನೆಯ ಕೊಕ್ಕೆಯನ್ನು ನೋಡಿದರು. ಅದು ಇನ್ನೂ ಖಾಲಿಯೇ ಇತ್ತು.

“ನನಗೇನು ಗೊತ್ರಿ,” ಎಂದರು. “ಆಕಿನ್ನ ಕೇಳ್ರಿ.”

ಸಂಜೆ ದೇವಸ್ಥಾನದಲ್ಲಿ ಪ್ರಗತಿಯೇ ಎಲ್ಲರಿಗೂ ಹೇಳಿದಳು. ಹೆಂಗಸರ ಹಿಂದೆ ನಿಂತಿದ್ದ ಗೋದಾವರಿ, ಆ ಸುದ್ದಿಯನ್ನು ಆಗಷ್ಟೇ ಮೊದಲ ಸಲ ಕೇಳಿದವರಂತೆ, “ಹೌದೇನವ್ವಾ!” ಎಂದು ಬಾಯಿಯ ಮೇಲೆ ಕೈಯಿಟ್ಟರು. ಕಂಬದ ಪಕ್ಕದಲ್ಲಿದ್ದ ಶಶಿಕಾಂತ್ ಅವರನ್ನೇ ನೋಡಿದ. ಆಮೇಲೆ ಪ್ರಸಾದದ ಎಲೆ ಮಡಚುತ್ತ, ರಮಾಳ ಕಿವಿಯಲ್ಲಿ ಏನೋ ಹೇಳಿದ. ರಮಾ ಗೋದಾವರಿಯ ಕಡೆ ಒಮ್ಮೆ ನೋಡಿ, ಪರ್ಸಿನಲ್ಲಿ ಮನೆಯ ಕೀಲಿಗೊಂಚಲು ಹುಡುಕತೊಡಗಿದಳು.